ಪೈಪಿನಲ್ಲಿ ಸಿಕ್ಕಿದ ಕಪ್ಪೆ

ಕಡಬದ ನಮ್ಮ ಇಗರ್ಜಿಯಲ್ಲಿ ಧರ್ಮೋಪದೇಶ ಹೇಳಿಕೊಡುತ್ತಿದ್ದ ಮಾಸ್ಟ್ರಿಗೆ ಪಾಪವನ್ನು ವಿವರಿಸಲು ಬೈಬಲ್ಲಿಗಿಂತ, ಗುಡ್ಡದಿಂದ ನಮ್ಮ ಮನೆಮನೆಗೆ ನೀರು ತರುವ ಪೈಪೇ ಹೆಚ್ಚು ಬೇಕಾಗುತ್ತಿತ್ತು.

"ದೇವರ ಕೃಪೆ ಗುಡ್ಡದ ಒರತೆಯ ಹಾಗೆ, ಬರ್ತಾನೇ ಉಂಟು. ಪಾಪ ಅಂದ್ರೆ ಪೈಪಿನಲ್ಲಿ ಸಿಕ್ಕಿದ ಕಪ್ಪೆ. ಅದನ್ನು ತೆಗೆಯದೆ ಗಿಡ ಬೆಳೆಯುದು ಹೇಗೆ ಮಾರಾಯ್ರೆ?" ಎನ್ನುತ್ತಾ, ಮುಷ್ಟಿಯನ್ನು ಕೊಳವೆಯಂತೆ ಕಣ್ಣಿಗೆ ಹಿಡಿದು ನಮ್ಮೊಳಗೆ ಇಣುಕುವರು. ಯಾರ ಪೈಪಿನಲ್ಲಿ ಎಂಥ ಕಪ್ಪೆ ಉಂಟೆಂಬುದು ಅವರಿಗೆ ಬಾಯಿಪಾಠ. ಪಕ್ಕದ ಮನೆಯ ಸ್ವಂತ ತಮ್ಮನ ಜೊತೆ ಯಾಕೆ ಮಾತಿಲ್ಲ ಎಂದು ಕೇಳಿದರೆ ಮಾತ್ರ ಮುಷ್ಟಿ ಬಿಚ್ಚಿಕೊಳ್ಳುತ್ತಿತ್ತು. "ಅದು ಬೇರೆ ವಿಷಯ."

ಒಂದು ಬೇಸಿಗೆಯಲ್ಲಿ ಆ ತಮ್ಮನ ಮನೆಗೆ ನೀರು ನಿಂತುಹೋಯಿತು. ಹೊಸದಾಗಿ ನೆಟ್ಟ ಜಾಯಿಕಾಯಿ ಸಸಿಗಳೆಲ್ಲ ಬಾಡಿದವು. ಏನೆಂದು ನೋಡಿಬರಲು ನಾನು ಗುಡ್ಡ ಹತ್ತಿದೆ. ಒರತೆಯ ಬಳಿ ಮಾಸ್ಟ್ರೇ ಕೂತಿದ್ದರು. ತಮ್ಮನ ಪೈಪಿನ ಬಾಯಲ್ಲಿ ಕಪ್ಪೆ ಇರಲಿಲ್ಲ, ಮಾಸ್ಟ್ರ ಹಳೇ ಲುಂಗಿಯ ತುಂಡಿತ್ತು. ಎಳೆದು ತೆಗೆದೆ. ನೀರು ಗುಳುಗುಳು ಎಂದು ಒಳಗೆ ಇಳಿಯಿತು.

"ಇದೆಂತ ಮಾಸ್ಟ್ರೆ?"

"ಅದು ಬೇರೆ ವಿಷಯ. ಮೊದಲು ಅವನ ಕಲ್ಲುಮನಸ್ಸು ಕರಗಲಿಕ್ಕೆ ಪ್ರಾರ್ಥನೆ ಮಾಡುವ" ಎಂದು ಅಲ್ಲೇ ಮೊಣಕಾಲೂರಿದರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದು, "ಈ ನೀರಿನ ಶಬ್ದಕ್ಕೆ ಭಕ್ತಿಯೇ ಬರುದಿಲ್ಲ ಮಾರಾಯ್ರೆ" ಎಂದರು; ನನ್ನ ಕೈಯಿಂದ ಲುಂಗಿಯ ತುಂಡನ್ನು ತೆಗೆದುಕೊಂಡು ಪೈಪಿನ ಬಾಯಿಗೆ ತುರುಕಿ, ಮತ್ತೆ ಕಣ್ಣು ಮುಚ್ಚಿದರು.