ಅಜ್ಜನ ಪಕ್ಕದ ಐರಿಷ್ ಮುದುಕ

ಮನೆಯ ಗೋಡೆಗೆ ಯಾರನ್ನು ತೂಗುಹಾಕಬೇಕು ಎಂಬ ವಿಷಯದಲ್ಲಿ ನನಗೆ ವಿವೇಚನೆ ಸ್ವಲ್ಪ ಕಡಿಮೆ. ಮುಖ ಹಿಡಿಸಿದರೆ ಸಾಕು, ಮೊಳೆ ಹುಡುಕುತ್ತೇನೆ.

ಅತ್ತಿಗುಂಡಿಯ ಹತ್ತಿರ ಹಳೆಯ ಎಸ್ಟೇಟ್ ಬಂಗಲೆ ಕೊಂಡ ಗೆಳೆಯನೊಬ್ಬ, ಅದರ ಗೋಡೌನಿನಲ್ಲಿ ಸಿಕ್ಕ ತೈಲಚಿತ್ರವೊಂದನ್ನು ನನಗೆ ದಾಟಿಸಿದ. ನರೆತ ಮೀಸೆ, ಮುದುಡಿದ ಕೋಟು, ಯಾರ ಮಾತನ್ನೂ ಕೇಳಿ ಅಭ್ಯಾಸವಿಲ್ಲದ ಕಣ್ಣು. ಬಂಗಲೆಯ ಇಂಗ್ಲಿಷ್ ದೊರೆಯ ಹೆಂಡತಿ ಐರ್ಲೆಂಡಿನವಳಂತೆ; ಈತ ಅವಳ ಚಿಕ್ಕಪ್ಪ. ಇಂಗ್ಲಿಷರು ಐರ್ಲೆಂಡ್ ಬಿಟ್ಟು ತೊಲಗಲಿ ಎಂದು ಕೂಗಿ ಕೂಗಿ, ಜೈಲು ಕಂಡು, ಮುದುಕನಾದವನು. ದೊರೆ ಅವನನ್ನು ಕಾಫಿ ಮೂಟೆಗಳ ಹಿಂದೆ, ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದನಂತೆ. ಹೆಂಡತಿಯ ಕಡೆಯ ನೆಂಟರನ್ನು ಎಲ್ಲಿಡಬೇಕು ಎಂಬುದರಲ್ಲಿ ದೊರೆಗಳಿಗೂ ನಮಗೂ ಅಂಥ ವ್ಯತ್ಯಾಸವೇನಿಲ್ಲ.

ನಮ್ಮ ನಡುಮನೆಯ ಒಂದು ಗೋಡೆ ತೀರಿಕೊಂಡ ಹಿರಿಯರದು. ಅಜ್ಜನ ಫೋಟೊ ಪಕ್ಕ ಒಂದು ಮೊಳೆ ಖಾಲಿ ಇತ್ತು. ಹಿಂದೆಮುಂದೆ ನೋಡದೆ ಐರಿಷ್ ಮುದುಕನನ್ನು ಅಲ್ಲಿಗೇರಿಸಿದೆ.

ಹಿರಿಯರ ಹಬ್ಬ ಬಂತು. ಪ್ರತಿ ವರ್ಷ ಎಡೆ ಬಡಿಸುವವರು ಸಂಸೆಯ ನನ್ನ ಸೋದರತ್ತೆ. ಈ ಸಲ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಪ್ಪಯ್ಯನ ಪಕ್ಕ ದೊರೆನಾ? ತೆಗಿ ಮಾರಾಯ. ಇಲ್ಲಾಂದ್ರೆ ನಾ ಎಡೆ ಇಡಲ್ಲ, ಈ ಮನೇಲಿ ಊಟಾನೂ ಮಾಡಲ್ಲ."

ದೊರೆಯ ಕಾಲದಲ್ಲಿ, ಮಳೆ ಸುರಿಯುತ್ತಿದ್ದರೂ ಆ ಬಂಗಲೆಯ ಮುಂದೆ ಅಜ್ಜ ಕೊಡೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಅಜ್ಜ ತೀರಿಕೊಂಡಾಗ ತೋಟ ಗಂಡುಮಕ್ಕಳಿಗೆ ಬಂತು, ಆ ಸಿಟ್ಟು ಅತ್ತೆಯ ಪಾಲಿಗೆ ಬಂತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೆ ಹಾಗೇ ತಿರುಗಿ ಹೋದರೆ ಆ ವರ್ಷ ಅಜ್ಜ ಉಪವಾಸ. ಮುದುಕನ ಕಥೆಯನ್ನೆಲ್ಲ, ನನಗೆ ಗೊತ್ತಿದ್ದಷ್ಟಕ್ಕೆ ಒಂದಿಷ್ಟು ಒಗ್ಗರಣೆಯನ್ನೂ ಸೇರಿಸಿ, ಒಂದೇ ಉಸಿರಿಗೆ ಒಪ್ಪಿಸಿದೆ.

ಅತ್ತೆ ಹತ್ತಿರ ಹೋಗಿ ಚಿತ್ರ ನೋಡಿದರು.

"ಇವ್ರೂ ಆ ದೊರೆಗಳನ್ನ ಬೈದಿದ್ರಾ?"

"ಜೀವಮಾನವೆಲ್ಲ, ಅತ್ತೆ."

"ಅವ್ರೂರಲ್ಲಿ ಇವ್ರಿಗೆ ಎಡೆ ಇಡೋರು ಯಾರಾದ್ರೂ ಇದಾರಾ?"

ಐರ್ಲೆಂಡಿನ ಬಗ್ಗೆ ಇಷ್ಟೆಲ್ಲ ಮಾತಾಡಿದ ನನಗೆ ಅದೊಂದು ಗೊತ್ತಿರಲಿಲ್ಲ.

"ಇನ್ನೊಂದು ಎಲೆ ಹಾಕು," ಅಂದರು ಅತ್ತೆ.

ಕಡುಬು, ಕೋಳಿ ಸಾರು ಮೊದಲು ಅಜ್ಜನಿಗೆ, ಆಮೇಲೆ ಪಕ್ಕದ ಹೊಸ ನೆಂಟರಿಗೆ. ಹಿರಿಯರು ಉಣ್ಣುವಾಗ ಬಾಗಿಲು ಮುಚ್ಚಿ ನಾವು ಹೊರಗಿರುವುದು ಪದ್ಧತಿ. ಹೊರಗೆ ಬರುವಾಗ ನನ್ನ ಬುದ್ಧಿವಂತಿಕೆ ಸುಮ್ಮನಿರಲಿಲ್ಲ. "ಅಜ್ಜನಿಗೆ ಇಂಗ್ಲಿಷ್ ಬರಲ್ವಲ್ಲ ಅತ್ತೆ, ಮಾತಿಗೇನು ಮಾಡ್ತಾರೆ?" ಎಂದೆ.

"ಬೈಯೋಕೆ ಯಾವ ಭಾಷೆ ಆದ್ರೇನು," ಎಂದು ಅತ್ತೆ ಬಾಗಿಲೆಳೆದುಕೊಂಡರು. "ಇಬ್ರೂ ಸೇರಿ ಆ ದೊರೇನ ಬೈಕೊಂಡು, ಹೊಟ್ಟೆ ತುಂಬ ಉಣ್ಲಿ ಬಿಡು."