ಯಾರೂ ಕೆಮ್ಮದ ಗಣಿ

ರೆಕ್ಕೆಯ ಜನರ ಮಾಯಾಲೋಕದ ಕಥೆ ಹೇಳುವ ಒಂದು ಕಾದಂಬರಿಯನ್ನು ನಾಲ್ಕು ಸಲ ಓದಿದವನು ನಾನು. ಅದರ ಸಿನಿಮಾದ ಎರಡನೇ ಭಾಗ ಬಂಗಾರಪೇಟೆಗೆ ಬಂದ ದಿನವೇ ಹೋದೆ. ರೆಕ್ಕೆ ಕಳಕೊಂಡ ಜನ ಅಗೆಯುವ ಗಣಿ, ಪುಸ್ತಕದಲ್ಲಿ ಉಸಿರು ಕಟ್ಟಿಸುವಂಥದ್ದು, ತೆರೆಯ ಮೇಲೆ ಮದುವೆ ಛತ್ರದ ಹಾಗೆ ಝಗಮಗಿಸುತ್ತಿತ್ತು. ಸಾಲದ್ದಕ್ಕೆ ಹಿಂದಿನ ಸೀಟಿನ ಮುದುಕರೊಬ್ಬರು ಕೆಮ್ಮುತ್ತಲೇ ಇದ್ದರು.

"ತಾತ, ಸ್ವಲ್ಪ ಸುಮ್ನಿರಿ" ಎಂದು ಗದರಿದೆ.

ಕೆಜಿಎಫ್‌ನ ಊರಿಗಾಂಗೆ ವಾಪಸಾಗುವ ರೈಲಿನಲ್ಲಿ ಅವರೇ ನನ್ನೆದುರು ಕೂತಿದ್ದರು. "ಪುಸ್ತಕಾನೇ ಹಾಳು ಮಾಡಿಬಿಟ್ರು" ಎಂದು ಗೊಣಗಿದೆ.

"ಪುಸ್ತಕ ನಾ ಕಾಣೆನಪ್ಪ. ಇಲ್ಲೇ ಚಿನ್ನದ ಗಣಿ, ಮೈಸೂರು ಮೈನ್ಸ್‌ನಾಗೆ ದೂಳು ಕುಡ್ಕೊಂಡು ಬಂಡೆ ಒಡ್ದೋನು ನಾನು. ಆ ಸಿನಿಮಾದಾಗೆ ಅಷ್ಟು ಜನ ಒಡೀತಾರೆ, ಒಬ್ನಾದ್ರೂ ಕೆಮ್ಮಬೇಡ್ವಾ?"

ಪುಸ್ತಕದಲ್ಲಿ ಕೆಮ್ಮುತ್ತಾರೆ. ಆ ಪುಟಕ್ಕೆ ಬಂದಾಗಲೆಲ್ಲ ನಾನು ಅತ್ತಿದ್ದೇನೆ. ಅದನ್ನು ಕಿತ್ತುಹಾಕಿದ ನಿರ್ದೇಶಕನನ್ನು ಬೈಯುವ ಯೋಗ್ಯತೆ ಮಾತ್ರ ನನಗೆ ಉಳಿದಿರಲಿಲ್ಲ.