ನಾಲ್ಕು ಬೆರಳು ಕೆಳಗೆ

ಬೀದಿಯವರೆಲ್ಲ ಅವಳನ್ನು ಗಿಡ್ಡಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಅವಳ ಕಸುಬು. ಆ ಎರಡು ಕೋಣೆಯ ಮನೆಯಲ್ಲಿ ಅಡುಗೆಕಟ್ಟೆ ಅವಳ ಪಕ್ಕೆಲುಬಿಗೆ ತಾಗುತ್ತಿತ್ತು; ಮದುವೆಯಾದಾಗಿನಿಂದ ಮಣೆ ಹತ್ತಿ ನಿಂತೇ ಬೇಯಿಸಿದ್ದಳು, ಮಣೆ ಜಾರಿ ಬಿದ್ದದ್ದೂ ಉಂಟು. ಕಟ್ಟೆ ಬಿರುಕುಬಿಟ್ಟು ಒಡೆಯಲೇಬೇಕಾದಾಗ ಗಾರೆಯವನಿಗೆ ಅವಳು ಹೇಳಿದ್ದು ಒಂದೇ ಮಾತು:

"ನನ್ನ ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗಿರ್ಲಿ. ಆಗ ಕೈ ನೋಯಲ್ಲ."

ಯಾವುದಕ್ಕೂ ಅಡ್ಡ ಬಾರದ ಗಂಡ ಅಂದು ಗಂಟಲು ಸರಿಮಾಡಿಕೊಂಡ. ಬಸ್ ಓಡಿಸುತ್ತಿದ್ದವನು, ಈಚೆಗಷ್ಟೇ ನಿವೃತ್ತನಾಗಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುವಷ್ಟು ಎತ್ತರದ ಆಳು.

"ಅಷ್ಟು ಕೆಳಗೆ ಬೇಡ ಕಣೇ. ಎಲ್ಲರ ಮನೆ ಥರಾನೇ ಇರ್ಲಿ. ನಾಳೆ ಮನೆ ಕೊಳ್ಳೋರು ನೋಡಿದ್ರೆ ಮಕ್ಕಳಾಟಿಕೆ ಅಂತಾರೆ."

"ಯಾರ್ರೀ ಕೊಳ್ಳೋರು?"

"ಯಾರೂ ಇಲ್ಲಪ್ಪ. ಮಾತಿಗೆ ಹೇಳ್ದೆ."

ಮಾತಿಗೆ ಹೇಳಿದವನ ಕಿವಿ ಕೆಂಪಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮನೆ ಅವನ ಹೆಸರಿನಲ್ಲಿತ್ತು. ಕಿಟಕಿಯ ಬೆಳಕಿಗೆ ಇಟ್ಟ ಹೊಲಿಗೆ ಯಂತ್ರ, ಬಾಗಿಲು ತಟ್ಟುವ ಗಿರಾಕಿಗಳು, ಇಷ್ಟೇ ಅವಳವು. ಮನೆ ಹೋದರೆ ಅವೂ ಹೋದಂತೆ.

ಅಂದಿನಿಂದ ಅವಳ ಕಣ್ಣು ಬಟ್ಟೆಯ ಮೇಲಿದ್ದರೂ ಕಿವಿ ಗಂಡನ ಹಿಂದೆಯೇ. ಅವನು ಫೋನು ಬಂದರೆ ಮೆಟ್ಟಿಲಿಗೆ ಹೋಗುತ್ತಿದ್ದ. "ಅಕ್ಕಾ, ಅವಳಿಗೆ ಈಗ್ಲೇ ಹೇಳ್ಬೇಡ. ಎಲ್ಲಾ ಆಗ್ಲಿ, ನಾನೇ ಹೇಳ್ತೀನಿ" ಎಂದದ್ದು ಕೇಳಿಸಿತು. ಅಕ್ಕ ತಮ್ಮ ಸೇರಿ ಮನೆ ಮಾರುತ್ತಿದ್ದಾರೆ! ಅಂದು ಅವಳು ಒಂದು ರವಿಕೆಗೆ ಎರಡೂ ಎಡತೋಳು ಹೊಲಿದಳು.

ಮರುದಿನ ಗಾರೆಯವನು ಕರೆದ. "ಅಮ್ಮಾ, ಯಜಮಾನ್ರು ಗೋಡೆಗೆ ಗುರುತು ಹಾಕವ್ರೆ. ಇದೇ ಖಾಯಂ ಏನು?"

ಗುರುತು ಅವಳದೇ ಹೊಲಿಗೆ ಸೀಮೆಸುಣ್ಣದ್ದು. ಅದು ಅವಳ ಎದೆಗೇ ಬಂದಿತ್ತು.

"ಕೊಳ್ಳೋನು ಮನುಷ್ಯನೋ ಒಂಟೆಯೋ?" ಎಂದು ಗೊಣಗುತ್ತ ಕೊರಳಿನ ಟೇಪು ತೆಗೆದು ನೆಲದಿಂದ ಹಿಡಿದಳು. ಎಲ್ಲರ ಮನೆಯ ಅಳತೆಯಂತೂ ಅಲ್ಲ. ಏನೋ ಹೊಳೆದು, ಗುರುತಿನಿಂದ ಮೇಲಕ್ಕೆ ನಾಲ್ಕು ಬೆರಳು ಇಟ್ಟು ಅಳೆದಳು. ಕೈಗೆ ಆ ಅಳತೆ ಗೊತ್ತಿತ್ತು. ಇಷ್ಟೂ ವರ್ಷ ಅವಳೇ ಕತ್ತರಿಸಿ ಹೊಲಿದ ಗಂಡನ ಪ್ಯಾಂಟಿನ ಉದ್ದ.

"ರೀ, ಬನ್ನಿ ಇಲ್ಲಿ. ಕೊಳ್ಳೋರು ಸಿಕ್ಕಿದ್ರು."

ಅವನು ಬಾಗಿಲಲ್ಲೇ ನಿಂತ. ಗಾರೆಯವನು ಮರಳು ತರಲು ಹೊರಗೆ ಹೋಗುವವರೆಗೂ ಬಾಯಿ ಬಿಡಲಿಲ್ಲ.

"ಅಕ್ಕನ ಹತ್ರ ಅಡುಗೆ ಕೇಳ್ಕೋತಿದೀನಿ. ನೀನು ಹೊಲೀತಾ ಕೂತಿರ್ತೀಯ, ನಾನು ಗೋಡೆ ನೋಡ್ಕೊಂಡು ಕೂರ್ಲಾ? ಬಗ್ಗಿದ್ರೆ ಸೊಂಟ ಹಿಡಿಯುತ್ತೆ. ಗಾರೆಯವನ ಮುಂದೆ ನನ್ನ ಅಳತೆಗೆ ಕಟ್ಟು ಅನ್ನಕ್ಕಾಗುತ್ತಾ? ಕೊಳ್ಳೋರಿಗೋಸ್ಕರ ಅಂದ್ರೆ ಯಾರೂ ನಗಲ್ಲ."

"ಹಾಗಾದ್ರೆ ಮನೆ ಮಾರಲ್ಲ?"

"ಯಾವ ಮನೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳು ಬಹಳವಿತ್ತು.

ಕಟ್ಟೆ ಮೆಟ್ಟಿಲಿನಂತೆ ಎದ್ದಿತು: ಅರ್ಧ ಅವಳ ಸೊಂಟಕ್ಕೆ, ಅರ್ಧ ಅವನ ಸೊಂಟಕ್ಕೆ.

"ಇಂಥಾ ಮನೇನ ಯಾರೂ ಕೊಳ್ಳಲ್ಲಮ್ಮಾ" ಎಂದ ಗಾರೆಯವನು.

"ಗಟ್ಟಿಯಾಗಿ ಕಟ್ಟಪ್ಪ" ಎಂದಳು.

ಮೊದಲ ದಿನ ಅವನು ಅಡುಗೆಮನೆಯ ಬಾಗಿಲು ಮುಂದಕ್ಕೆಳೆದುಕೊಂಡ. ಅವಳು ಯಂತ್ರ ತುಳಿಯುತ್ತಿದ್ದಳು.

"ರೀ, ಏನೋ ಸೀದ ವಾಸನೆ?"

"ಏನೂ ಇಲ್ಲ. ನೀನು ಹೊಲಿ."

ಅವಳು ಯಂತ್ರ ನಿಲ್ಲಿಸಿದಳು. ಆ ದನಿಯಲ್ಲಿ ಅವಳಿಗೆ ನಂಬಿಕೆ ಬರಲಿಲ್ಲ.